ಎಣ್ಣೆ ಊರಿನ ಮಕ್ಕಳಿಗೆ ಬಸ್ಸಾರಿನ ನೀರು!

ನಮ್ಮೂರು ಚಳ್ಳಕೆರೆ. ಗೊತ್ತಲ್ಲ, ಎಣ್ಣೆ ಊರು. ನಾನು ಚಿಕ್ಕವನಿದ್ದಾಗ ಬಸ್ಸಿಳಿದರೆ ಮೊದಲು ಮೂಗಿಗೆ ಬಡೀತಿದ್ದದ್ದೇ ಶೇಂಗಾ ಎಣ್ಣೆ ವಾಸನೆ.

ಮೊನ್ನೆ ರಜೆಗೆ ಹೋದವನು ಗೆಳೆಯನ ಜೊತೆ ಮೊಳಕಾಲ್ಮೂರಿಗೆ ಹೋಗಿದ್ದೆ, ಅವನ ತಂಗಿ ಮದುವೆಗೆ ರೇಷ್ಮೆ ಸೀರೆ ನೋಡೋಕೆ. ನೇಯುವವರ ಮನೆ. ಮಾತಾಡ್ತಾ ಸಂಜೆ ಆಯ್ತು. ಅಲ್ಲೀವರೆಗೂ ಮಗ್ಗದ ಸುತ್ತ ಓಡಾಡ್ತಿದ್ದ ಎರಡೂವರೆ ವರ್ಷದ ಹುಡುಗ ಕತ್ತಲಾಗ್ತಿದ್ದ ಹಾಗೆ ಗೋಡೆ ಹಿಡ್ಕೊಂಡು ಕೂತುಬಿಟ್ಟ. ಮುಂದೆ ಇಟ್ಟ ತಟ್ಟೇನ ಕೈಯಲ್ಲಿ ತಡಕಾಡ್ತಿದ್ದ. "ಇರುಳುಗಣ್ಣು ಕಣಪ್ಪಾ, ದೊಡ್ಡೋನಾದ್ರೆ ಹೋಗ್ತೈತೆ" ಅಂದ್ರು ಅಜ್ಜಿ, ಏನೋ ನೆಗಡಿ ಅನ್ನೋ ಹಾಗೆ.

ತಾನಾಗಿ ಹೋಗಲ್ಲ ಸ್ವಾಮಿ. ವಿಟಮಿನ್ ಎ ಕಡಿಮೆಯಾದಾಗ ಮೊದಲು ಕತ್ತಲಲ್ಲಿ ಕಾಣಲ್ಲ, ಆಮೇಲೆ ಕಣ್ಣು ಒಣಗಿ ಬಿಳಿಭಾಗದ ಮೇಲೆ ನೊರೆಯಂಥ ಚುಕ್ಕೆ ಬರುತ್ತೆ, ಕೊನೆಗೆ ಕಾರ್ನಿಯಾನೇ ಕರಗಿ ಹೋಗಬಹುದು. ನಡುವೆ ದಡಾರವೋ ಭೇದಿಯೋ ಬಂದರೆ ಮಗು ಉಳಿಯೋದೇ ಕಷ್ಟ. 2016-18ರ ರಾಷ್ಟ್ರೀಯ ಪೋಷಣೆ ಸಮೀಕ್ಷೆ ಪ್ರಕಾರ ದೇಶದಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ 18 ಮಂದಿಗೆ ಈ ಕೊರತೆ ಇದೆ.

ಇದಕ್ಕೆ ನಮ್ಮಂಥ ಓದಿದವರ ಉತ್ತರ ಏನು? "ಆ ತಾಯಂದಿರಿಗೆ ಅರಿವಿಲ್ಲ, ಸೊಪ್ಪು ತಿನ್ನಿಸಲ್ಲ." ಇನ್ನು ಕೆಲವರದ್ದು "ನಮ್ಮಜ್ಜಿ ಕಾಲದ ಮುದ್ದೆ-ಬಸ್ಸಾರು ಬಿಟ್ಟಿದ್ದಕ್ಕೇ ಹೀಗೆ" ಅನ್ನೋ ವರಾತ. ಬೆಂಗಳೂರಲ್ಲಿ ಕೂತು ಮುದ್ದೆ ಮೇಲೆ ಕವನ ಬರೆಯೋರೇ, ಸ್ವಲ್ಪ ಕೇಳಿ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ವಿಟಮಿನ್ ಎ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಶೇಂಗಾ ಚಟ್ನಿಯಲ್ಲೂ ಇಲ್ಲ. ಇರೋದು ಸೊಪ್ಪಿನಲ್ಲಿ, ಅದೂ ಕ್ಯಾರೋಟಿನ್ ರೂಪದಲ್ಲಿ. ಕ್ಯಾರೋಟಿನ್ ನೀರಲ್ಲಿ ಕರಗಲ್ಲ. ಈಗ ಬಸ್ಸಾರು ಹೇಗೆ ಮಾಡ್ತಾರೆ ನೆನಪು ಮಾಡ್ಕೊಳ್ಳಿ. ಸೊಪ್ಪು ಬೇಯಿಸಿ ಬಸಿದು, ನೀರಿಗೆ ಖಾರ ಹಾಕಿ ಸಾರು, ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಹಲ್ಲು ಪೂರ್ತಿ ಬರದ ಮಗುಗೆ ಯಾವುದು ಸಿಗುತ್ತೆ? ನೀರು! ಸಾರಲ್ಲಿ ಅದ್ದಿದ ಮುದ್ದೆ. ಕ್ಯಾರೋಟಿನ್ನೂ ಎಣ್ಣೆಯೂ ಎರಡೂ ಪಲ್ಯದ ಜೊತೆ ದೊಡ್ಡವರ ತಟ್ಟೆಗೆ ಹೋಯ್ತು. ನಮ್ಮಜ್ಜೀನೂ ನಮಗೆ ಹಾಗೇ ತಿನ್ನಿಸಿದ್ದು.

ಇನ್ನೊಂದು ತಮಾಷೆ (ಕೋಡ್ ಬರೆಯೋರಿಗೆ ಇಷ್ಟ ಆಗುತ್ತೆ). ಸೊಪ್ಪಿನ ಕ್ಯಾರೋಟಿನ್‌ನ ವಿಟಮಿನ್ ಎ ಲೆಕ್ಕಕ್ಕೆ ತರುವಾಗ ಮೊದಲು 6ರಿಂದ ಭಾಗಿಸ್ತಿದ್ರು. 2001ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 12 ಅಂತ ತಿದ್ದಿತು. ಆ ಲೆಕ್ಕದಲ್ಲಿ ಜಗತ್ತಿನ ಸೊಪ್ಪಿನ ಬೆಲೆಯೆಲ್ಲ ಅರ್ಧ. ಪುಟ್ಟ ಮಗುಗೆ ದಿನಕ್ಕೆ ಬೇಕಾಗಿರೋದು ಸುಮಾರು 400 ಮೈಕ್ರೋಗ್ರಾಂ. ಬರೀ ಸೊಪ್ಪಿನಿಂದ ಅಷ್ಟು ಸಿಗಬೇಕು ಅಂದ್ರೆ ದಿನಾ ಒಂದು ದೊಡ್ಡ ಹಿಡಿ ಹರಿವೆಯನ್ನೋ ನುಗ್ಗೆಯನ್ನೋ ಎಣ್ಣೆ ಸಮೇತ ಆ ಪುಟ್ಟ ಹೊಟ್ಟೆಗೆ ಇಳಿಸಬೇಕು. ಮಳೆಯೇ ಇಲ್ಲದ ನಮ್ಮ ಕಡೆ ಏಪ್ರಿಲ್‌ನಲ್ಲಿ ಆ ಸೊಪ್ಪು ಎಲ್ಲಿಂದ ತರ್ತೀರಿ?

ಸರ್ಕಾರದ ಉತ್ತರ ಹನಿ. 1970ರಲ್ಲಿ ಶುರುವಾದ ಕಾರ್ಯಕ್ರಮ, ಈಗ 9 ತಿಂಗಳಿಂದ 5 ವರ್ಷದೊಳಗೆ 9 ಡೋಸು, ಆರಾರು ತಿಂಗಳಿಗೆ. ಹನಿ ಬೇಡ ಅಂತ ನಾನು ಹೇಳ್ತಿಲ್ಲ, ಆ ಹುಡುಗನಿಗೆ ಅದೇ ಔಷಧಿ. ಆದರೆ ಊಟ ಸರಿಹೋಗೋ ತನಕದ ಉಪಾಯ ಅರ್ಧ ಶತಮಾನ ದಾಟಿದ್ರೆ, ಊಟ ಸರಿಮಾಡೋಕೆ ಯಾರೂ ಕೈ ಹಾಕಿಲ್ಲ ಅಂತ ತಾನೆ ಅರ್ಥ?

ಮೊಟ್ಟೆ ಜಗಳ ನೆನಪಿದೆಯಾ? 2021ರ ಡಿಸೆಂಬರ್‌ನಲ್ಲಿ ಮಠಗಳೆಲ್ಲ ಎದ್ದು ಕೂತಿದ್ವು. 2024ರಲ್ಲಿ ಅದು ವಾರಕ್ಕೆ ಆರು ದಿನ ಆಯ್ತು, ಸಂತೋಷ. ಆದರೆ ಆ ಮೊಟ್ಟೆ ಒಂದನೇ ಕ್ಲಾಸಿಂದ ಮೇಲಿನವರಿಗೆ. ಅಂಗನವಾಡಿಯ ಬಿಸಿಯೂಟ ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಕೊಂಡೊಯ್ಯೋ ಪೊಟ್ಟಣ, ಅದು ಮನೆಮಂದಿಗೆಲ್ಲ ಹಂಚಿಹೋಗುತ್ತೆ. ಕಣ್ಣು ಹೋಗೋ ವಯಸ್ಸಿನ ಮಗುವಿನ ಪರ ಜಗಳ ಆಡಿದ್ದು ಯಾರು? ಎಡದವರೂ ಇಲ್ಲ, ಬಲದವರೂ ಇಲ್ಲ.

ಒಂದು ಮೊಟ್ಟೆಯಿಂದಲೂ ದಿನದ ಐದನೇ ಒಂದು ಭಾಗ ಬರಬಹುದು ಅಷ್ಟೆ, ಸುಳ್ಳು ಯಾಕೆ ಹೇಳಲಿ. ಹಾಲು ಬೇಕು, ಎಣ್ಣೆ ಹಾಕಿ ಕಿವುಚಿದ ಪಲ್ಯ ಬೇಕು. ತಿನ್ನೋ ಮನೆಯಾದ್ರೆ ಕುರಿ ಲಿವರ್ ಹತ್ತು ಗ್ರಾಂ ಇದ್ದರೂ ಒಂದು ದಿನದ ಲೆಕ್ಕ ದಾಟುತ್ತೆ. ನಮ್ಮ ಎರಡೂ ತಾಲ್ಲೂಕಲ್ಲಿ ಕುರಿಗೇನು ಬರವೇ? ಮರಿ ಕಡಿದ ದಿನ ಲಿವರ್ ಹುರಿದು ಗಂಡಸರ ಗ್ಲಾಸಿನ ಪಕ್ಕಕ್ಕೆ ಹೋಗುತ್ತೆ, ಮಗುಗೆ ಮತ್ತೆ ಸಾರು.

ಮಾರನೇ ದಿನವೇ ಹುಡುಗನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರಂತೆ, ಹನಿ ಹಾಕಿದ್ರಂತೆ. ಗೆಳೆಯ ಫೋನ್ ಮಾಡಿದ್ದ. ಸಂಜೆ ಹೊತ್ತು ಈಗ ಓಡಾಡ್ತಾನಂತೆ. "ಅಜ್ಜಿ ಪಲ್ಯ ಕೊಡ್ತಾರಾ?" ಅಂದೆ. "ಕೊಡ್ತಾರೆ, ಆದ್ರೆ ಎಣ್ಣೆ ರೇಟು ಕೇಳಿದ್ದೀಯಾ?" ಅಂದ.