ಮೊಡವೆಯ ಮುಲಾಮು ಮತ್ತು ನಮ್ಮ ಅವಸರ

ಯೌವನಕ್ಕೂ ಮೊಡವೆಗೂ ನಂಟು ಹಳೆಯದು. ಹಿರಿಯರು ಅದನ್ನು ‘ಪ್ರಾಯದ ಗುರುತು’ ಎಂದು ನಗಬಹುದು. ಅನುಭವಿಸುವವರಿಗೆ ಅದು ನಾಲ್ವರ ನಡುವೆ ತಲೆಯೆತ್ತಲಾಗದ ಸಂಕಟ. ಆದುದರಿಂದ ಅದಕ್ಕೆ ಔಷಧ ಹುಡುಕುವುದು ಶೋಕಿಯಲ್ಲ. ಹುಡುಕುವ ರೀತಿಗೆ ಮಾತ್ರ ನನ್ನ ಆಕ್ಷೇಪಣೆ.

ಚರ್ಮದ ಸೂಕ್ಷ್ಮ ರಂಧ್ರಗಳಲ್ಲಿ ಸತ್ತ ಜೀವಕೋಶಗಳೂ ಜಿಡ್ಡೂ ಸೇರಿ ಬಿರಟೆಯಂತೆ ಕಟ್ಟಿಕೊಳ್ಳುವುದೇ ಮೊಡವೆಯ ಮೂಲ. ‘ಎ’ ಜೀವಸತ್ವದ ಕುಲಕ್ಕೆ ಸೇರಿದ ರೆಟಿನಾಯ್ಡ್ ಮುಲಾಮುಗಳು ಈ ಬಿರಟೆ ಕಟ್ಟದಂತೆ ತಡೆಯುತ್ತವೆ. ಇವುಗಳಲ್ಲಿ ಟ್ರೆಟಿನಾಯಿನ್‌ಗೆ 1971ರಲ್ಲಿ, ಅಡಾಪಲೀನ್‌ಗೆ 1996ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ದೊರೆಯಿತು. ಇಷ್ಟು ಕಾಲ ಪರೀಕ್ಷೆಗೆ ನಿಂತ ಮದ್ದನ್ನು ಹಳಿಯುವುದು ನ್ಯಾಯವಲ್ಲ.

ಆದರೆ ನಮ್ಮ ಮಿತ್ರರು ಮಾಡುವುದೇನು? ಹೆಚ್ಚು ಬಳಿದರೆ ಬೇಗ ಗುಣವೆಂದು ಬಳಿಯುತ್ತಾರೆ. ಮುಖ ಕೆಂಪಾಗಿ ಸಿಪ್ಪೆಯೆದ್ದೊಡನೆ ಮದ್ದನ್ನು ಶಪಿಸಿ ಬಿಸಾಡುತ್ತಾರೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಮುಖ ತೊಳೆದು, ಒಣಗಿದ ಮೇಲೆ, ಕಣ್ಣು, ತುಟಿ, ಮೂಗಿನ ಅಂಚುಗಳನ್ನು ಬಿಟ್ಟು ತೆಳ್ಳಗೆ ಹಚ್ಚಬೇಕು. ಮೊದಮೊದಲು ವಾರಕ್ಕೆ ಎರಡು ಮೂರು ರಾತ್ರಿ ಮಾತ್ರ. ಚರ್ಮ ಒಣಗದಂತೆ ಮಾಯಿಶ್ಚರೈಸರ್ ಇರಲಿ. ಹಗಲಿನಲ್ಲಿ ಸನ್‌ಸ್ಕ್ರೀನ್, ಬಿಸಿಲಿಗೆ ಕೊಡೆ. ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆ ತೋರಬಹುದು. ಫಲ ಕಾಣಲು 8ರಿಂದ 12 ವಾರ ಬೇಕು. ಗರ್ಭಿಣಿಯರೂ ಗರ್ಭವನ್ನು ಬಯಸುವವರೂ ಇದನ್ನು ಬಳಸಕೂಡದು.

ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಟ್ರೆಟಿನಾಯಿನ್ ಜೊತೆಗೆ ಸ್ಟೀರಾಯ್ಡ್ ಮತ್ತು ಹೈಡ್ರೋಕ್ವಿನೋನ್ ಬೆರೆತ ಟ್ಯೂಬನ್ನು ‘ಬೆಳ್ಳಗಾಗುವ ಕ್ರೀಮು’ ಎಂದು ಕೊಂಡು ಹಚ್ಚುವವರುಂಟು. ಮೊದಲು ಮುಖ ಹೊಳೆಯುತ್ತದೆ, ಬಳಿಕ ಚರ್ಮ ತೆಳುವಾಗಿ, ಕೆಂಪು ನರಗಳು ಮೂಡಿ, ಮೊಡವೆ ಇಮ್ಮಡಿಯಾಗುತ್ತದೆ, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಆದರೆ ಬಿಳಿಯ ಬಣ್ಣದ ಮೋಹ ನಮ್ಮಲ್ಲಿರುವ ತನಕ ಕಾನೂನೊಂದೇ ಏನು ಮಾಡೀತು? ಮೊಡವೆ ರೋಗ; ಕಪ್ಪು ಬಣ್ಣ ರೋಗವಲ್ಲ. ಈಗಾಗಲೇ ಇಂಥದನ್ನು ಹಚ್ಚುತ್ತಿರುವವರು ವೈದ್ಯರನ್ನು ಕಂಡೇ ಬಿಡುವುದು ಲೇಸು.

ವೈದ್ಯರಿಗೆ ಕೊಡಲು ಹಣವೆಲ್ಲಿ ಎಂದು ಕೆಲವರು ಕೇಳಿಯಾರು. ಪ್ರಶ್ನೆ ನ್ಯಾಯವಾದುದೇ. ಆದರೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗ ಇರುವುದು ನಮ್ಮಂಥವರಿಗಾಗಿಯೇ. ಅಲ್ಲಿ ಸರದಿಯಲ್ಲಿ ಅರ್ಧ ದಿನ ನಿಲ್ಲುವುದು, ಗೆಳೆಯನ ಟ್ಯೂಬನ್ನು ಎರವಲು ಪಡೆಯುವುದಕ್ಕಿಂತ ಅಗ್ಗ.

ನಮ್ಮಲ್ಲನೇಕರು ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಮನೆಯಲ್ಲಿ ಯಾರಿಗೇ ಮದ್ದು ತಂದರೂ ಅದರ ಚೀಟಿಯನ್ನು ಓದಿ ಹೇಳುವವರು ನಾವೇ. ಹಾಗಿರುವಾಗ ನಮ್ಮ ಮುಖಕ್ಕೆ ಹಚ್ಚುವ ಟ್ಯೂಬಿನ ಮೇಲಿನ ನಾಲ್ಕು ಸಾಲುಗಳನ್ನೂ ಓದದಿದ್ದರೆ, ನಾವು ಕಲಿತ ವಿದ್ಯೆಗೆ ಅರ್ಥವೇನು?