ಹಾವಿನ ಮದ್ದು: ಗುಣವೆಷ್ಟು, ಭಯವೆಷ್ಟು?

ಹಾವು ಕಡಿದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿಯೂ ತಮಿಳುನಾಡು ಸರಕಾರ ಅದೇ ವರ್ಷದ ನವೆಂಬರಿನಲ್ಲಿಯೂ ಆದೇಶ ಹೊರಡಿಸಿದವು. ಈ ಎರಡು ರಾಜ್ಯಗಳ ಗಡಿಯಲ್ಲಿರುವ ತಾಳವಾಡಿ ಬೆಟ್ಟದ ನಮಗೆ ಆದೇಶ ಓದಿದಾಗ ಮೊದಲು ಹೊಳೆದದ್ದು ಒಂದು ಸಣ್ಣ ಪ್ರಶ್ನೆ. ಇಲ್ಲಿಯ ಹೊಲದಲ್ಲಿ ಕಡಿಸಿಕೊಂಡು ಚಾಮರಾಜನಗರದ ಆಸ್ಪತ್ರೆಯಲ್ಲಿ ಮಲಗುವವನು ಯಾವ ರಾಜ್ಯದ ಲೆಕ್ಕಕ್ಕೆ ಸೇರುತ್ತಾನೆ? ಕಾಸರಗೋಡಿನಲ್ಲಿ ಕಡಿಸಿಕೊಂಡು ಮಂಗಳೂರಿಗೆ ಓಡುವವರ ವಿಷಯದಲ್ಲಿಯೂ ಇದೇ ಪ್ರಶ್ನೆ ಇದೆಯಷ್ಟೆ.

ಲೆಕ್ಕದ ಅಗತ್ಯ ಇದ್ದೇ ಇತ್ತು. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಎಂದು ಮನೆಮನೆಯ ಸಾವುಗಳನ್ನು ವಿಚಾರಿಸಿ ತಯಾರಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗಳ ಲೆಕ್ಕ ಇದರ ಹತ್ತಿರಕ್ಕೂ ಬರುವುದಿಲ್ಲ. ಬಹಳ ಮಂದಿ ಆಸ್ಪತ್ರೆ ತಲಪುವ ಮೊದಲೇ ತೀರಿಕೊಳ್ಳುವುದೇ ಇದಕ್ಕೆ ಕಾರಣ. ಸತ್ತವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಹದಿನೈದು ವರ್ಷದೊಳಗಿನ ಮಕ್ಕಳು. ಪಾಠ ಹೇಳುವ ನಮ್ಮಂಥವರು ಈ ಒಂದು ಅಂಕಿಯನ್ನು ಸುಮ್ಮನೆ ಓದಿ ಮುಗಿಸುವುದು ಕಷ್ಟ.

ಆದರೆ ಈ ಲೇಖನದ ವಿಷಯ ಲೆಕ್ಕವಲ್ಲ, ಮದ್ದು. ಕಡಿಸಿಕೊಂಡವನನ್ನು ಹೊತ್ತೊಯ್ದು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಮೇಲೆ ಅಲ್ಲಿ ಕೊಡುವ ಚುಚ್ಚುಮದ್ದು ಎಷ್ಟು ಗುಣಕಾರಿ, ಎಷ್ಟು ನಿರಪಾಯಕಾರಿ ಎಂಬ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ನಡೆದ ಪ್ರಯೋಗಗಳು ಏನು ಹೇಳುತ್ತವೆ? ನಾನು ವೈದ್ಯನಲ್ಲ. ಟಿ.ಸಿ.ಎಚ್. ಮುಗಿಸಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು. ರಾತ್ರಿ ಆನೆ, ಹಂದಿ ಕಾಯಲು ಮುಸುಕಿನ ಜೋಳದ ಹೊಲಕ್ಕೂ ಬಾಳೆ ತೋಟಕ್ಕೂ ಬರಿಗಾಲಲ್ಲಿ ನಡೆಯುವ ತಂದೆಯರ ಮಕ್ಕಳೇ ನನ್ನ ತರಗತಿಯಲ್ಲಿ ಕುಳಿತಿರುವುದರಿಂದ ಇದನ್ನು ಓದಿಕೊಳ್ಳಬೇಕಾಯಿತು.

ಮೊದಲು ಈ ಮದ್ದು ಏನೆಂದು ನೋಡೋಣ. ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಮತ್ತೆ ಮತ್ತೆ ಚುಚ್ಚಿದರೆ ಅದರ ರಕ್ತದಲ್ಲಿ ವಿಷವನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಅವನ್ನು ಬೇರ್ಪಡಿಸಿ ಸೀಸೆಗೆ ತುಂಬಿದರೆ ಪ್ರತಿವಿಷ. 1890ರ ದಶಕದಲ್ಲಿ ಕಂಡುಹಿಡಿದ ಈ ವಿಧಾನ ಮೂಲದಲ್ಲಿ ಇಂದಿಗೂ ಬದಲಾಗಿಲ್ಲ. ಭಾರತದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳಿಗಾಗಿ ತಯಾರಾದುದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಇದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈಯ ದಕ್ಷಿಣಕ್ಕೆ ವಡನೆಮ್ಮೇಲಿಯಲ್ಲಿರುವ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಸ್ಥಾಪನೆಯಾದ ಈ ಸಂಘದ ಇರುಳರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ದೇಶದ ಇಷ್ಟು ಜೀವಗಳು ಒಂದು ಬುಡಕಟ್ಟಿನ ಕೈಚಳಕದ ಮೇಲೆ ನಿಂತಿವೆ ಎಂಬುದನ್ನು ಎಷ್ಟು ಮಂದಿ ಬಲ್ಲರು?

ಒಂದು ಮದ್ದು ಕೆಲಸ ಮಾಡುತ್ತದೆಯೇ ಎಂದು ತಿಳಿಯುವ ನೇರ ದಾರಿ ಎಂದರೆ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು, ಇನ್ನೊಂದಕ್ಕೆ ಮದ್ದಿನಂತೆ ಕಾಣುವ ಬರಿಯ ನೀರು ಅಥವಾ ಮಾತ್ರೆ ಕೊಟ್ಟು ಹೋಲಿಸುವುದು. ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಮದ್ದನ್ನು ಚೀಟಿಯ ಕ್ರಮದಲ್ಲಿ ಪರೀಕ್ಷಿಸಿದ ವರದಿ 1948ರಲ್ಲಿ ಬಂದ ಬಳಿಕ ಈ ರೀತಿ ಬಲಗೊಂಡಿತು. ಹಾವಿನ ಪ್ರತಿವಿಷ ಅದಕ್ಕೂ ಅರ್ಧ ಶತಮಾನ ಮೊದಲೇ ಬಳಕೆಗೆ ಬಂದಿತ್ತು. ವಿಷವೇರಿ ಉಸಿರು ಕಟ್ಟುತ್ತಿರುವವನಿಗೆ ಬರಿಯ ನೀರು ಚುಚ್ಚಿ ನೋಡುವ ಧೈರ್ಯ ಯಾವ ವೈದ್ಯನಿಗೂ ಬರಲಾರದು, ಬರಲೂ ಬಾರದು. ಆದುದರಿಂದ ಈ ಮದ್ದಿನ ಬಗ್ಗೆ ನಡೆದ ಪ್ರಯೋಗಗಳು ಹೆಚ್ಚಾಗಿ ಪ್ರಮಾಣ ಎಷ್ಟು, ಅಡ್ಡ ಪರಿಣಾಮ ತಡೆಯುವುದು ಹೇಗೆ ಎಂಬಂಥವು. ಒಂದು ಸೀಸೆಯ ಮದ್ದು ಎಷ್ಟು ವಿಷ ಕೊಲ್ಲುತ್ತದೆ ಎಂಬ ಲೆಕ್ಕ ಇಲಿಗಳ ಮೇಲೆ ಮಾಡಿದ್ದು. ಒಂದು ಮಿಲಿಲೀಟರು ಪ್ರತಿವಿಷ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ತಡೆಯಬೇಕೆಂಬುದು ನಿಯಮ. ಹತ್ತು ಮಿಲಿಲೀಟರಿನ ಹತ್ತು ಸೀಸೆ ಎಂದರೆ 60 ಮಿಲಿಗ್ರಾಂ. ಆಸ್ಪತ್ರೆಯಲ್ಲಿ ಮೊದಲಿಗೇ ಎಂಟು, ಹತ್ತು ಸೀಸೆ ಹಾಕುವುದು ಏಕೆಂದು ಇದರಿಂದ ಊಹಿಸಬಹುದು. ಮಗುವಿಗೂ ದೊಡ್ಡವರಷ್ಟೇ ಮದ್ದು. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ!

ಇನ್ನು ಅಪಾಯದ ಮಾತು. ಕುದುರೆಯ ರಕ್ತದಿಂದ ಬಂದ ವಸ್ತು ನಮ್ಮ ಮೈಗೆ ಪರಕೀಯ. ಮೈತುಂಬ ತುರಿಕೆ, ದದ್ದು, ನಡುಕ, ಕೆಲವರಿಗೆ ರಕ್ತದೊತ್ತಡ ಕುಸಿದು ಉಸಿರು ಸಿಕ್ಕಿಕೊಳ್ಳುವ ತನಕ ಹೋಗುತ್ತದೆ. ಶ್ರೀಲಂಕಾದಲ್ಲಿ ಬಳಸುವುದು ಭಾರತದಲ್ಲೇ ತಯಾರಾದ ಪ್ರತಿವಿಷ. ಅಲ್ಲಿ 1,007 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೂರಕ್ಕೆ 75 ಮಂದಿಗೆ ಒಂದಲ್ಲ ಒಂದು ಬಗೆಯ ಪ್ರತಿಕ್ರಿಯೆ ಕಂಡಿತು. ಅದರಲ್ಲಿ ಬಹಳಷ್ಟು ತೀವ್ರವಾದದ್ದೇ. ಇದನ್ನು ತಡೆಯಲೆಂದು ವೈದ್ಯರು ಬಹುಕಾಲದಿಂದ ಮೊದಲೇ ಕೊಡುತ್ತಿದ್ದ ಮೂರು ಮದ್ದುಗಳನ್ನು ಅಲ್ಲಿ ಪರೀಕ್ಷೆಗೊಡ್ಡಿದರು. ಹೈಡ್ರೊಕಾರ್ಟಿಸೋನ್, ಪ್ರೊಮೆಥಜಿನ್ ಎರಡರಿಂದಲೂ ಪ್ರಯೋಜನ ಕಾಣಲಿಲ್ಲ. ಅತ್ಯಲ್ಪ ಪ್ರಮಾಣದ ಅಡ್ರಿನಾಲಿನ್ ಮಾತ್ರ ಮೊದಲ ಒಂದು ಗಂಟೆಯಲ್ಲಿ ತೀವ್ರ ಪ್ರತಿಕ್ರಿಯೆಗಳನ್ನು ನೂರಕ್ಕೆ 43ರಷ್ಟು ಕಡಿಮೆ ಮಾಡಿತು. ವಿಚಿತ್ರವೆಂದರೆ ಅದರ ಜತೆಗೆ ಹೈಡ್ರೊಕಾರ್ಟಿಸೋನನ್ನೂ ಕೊಟ್ಟಾಗ ಆ ಲಾಭವೂ ಇಲ್ಲವಾಯಿತು. ವರ್ಷಾನುಗಟ್ಟಲೆ 'ಕೊಟ್ಟರೆ ಒಳ್ಳೆಯದೇ' ಎಂದು ನಂಬಿ ನಡೆದ ಪದ್ಧತಿ ಸರಿಯಾಗಿ ಅಳೆದಾಗ ಹೀಗೆ ತಲೆಕೆಳಗಾಗುವುದುಂಟು.

ಚರ್ಮದ ಮೇಲೆ ಚೂರು ಮದ್ದು ಚುಚ್ಚಿ ನೋಡುವ 'ಟೆಸ್ಟ್ ಡೋಸ್' ಕತೆಯೂ ಅಂಥದೇ. ಯಾರಿಗೆ ಪ್ರತಿಕ್ರಿಯೆ ಬರುತ್ತದೆಂದು ಅದರಿಂದ ಮುಂಚಿತವಾಗಿ ತಿಳಿಯಲಾಗದು ಎಂದು ಥಾಯ್ಲೆಂಡಿನ ಅಧ್ಯಯನವೊಂದು 1986ರಲ್ಲೇ ತೋರಿಸಿತ್ತು. ಭಾರತದ ಚಿಕಿತ್ಸಾ ಸೂತ್ರಗಳೂ ಈಗ ಅದು ಬೇಡವೆನ್ನುತ್ತವೆ. ಹಾಗಿದ್ದೂ 'ಮೊದಲು ಟೆಸ್ಟ್ ಮಾಡಿದಿರಾ?' ಎಂದು ವೈದ್ಯರೊಡನೆ ಜಗಳಕ್ಕೆ ನಿಲ್ಲುವ ಬಂಧುಗಳು ಇದ್ದಾರೆ. ಪ್ರತಿಕ್ರಿಯೆಯ ಭಯದಿಂದ ಮದ್ದು ಹಾಕದೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟು ಕಳುಹಿಸುವ ಸಣ್ಣ ಆಸ್ಪತ್ರೆಗಳೂ ಇವೆ. ನಮ್ಮಲ್ಲಿ ದೊಡ್ಡ ಆಸ್ಪತ್ರೆ ಎಂದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಕಡೆ, ಇಲ್ಲವೇ ಗಡಿ ದಾಟಿ ಚಾಮರಾಜನಗರ. ಹುಲಿ ಸಂರಕ್ಷಿತ ಪ್ರದೇಶವೆಂದು 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ತಡೆಯಿಲ್ಲ ನಿಜ, ಆದರೆ ಆಂಬುಲೆನ್ಸ್ ಹಳ್ಳಿಗೆ ಬಂದು ಸೇರುವ ತನಕದ ಹೊತ್ತನ್ನು ವಿಷ ಕಾಯುವುದಿಲ್ಲ.

ಈಚಿನ ಸಂಶೋಧನೆಯಲ್ಲಿ ನಮ್ಮ ಕಡೆಯವರು ಹೆಚ್ಚು ಗಮನಿಸಬೇಕಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಮಾಡಿರುವ ಕೆಲಸ. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆ, ಕೆಲವು ಪ್ರದೇಶಗಳ ಹಾವಿನ ವಿಷಕ್ಕೆ ಮಾರುಕಟ್ಟೆಯ ಪ್ರತಿವಿಷ ಸೀಸೆಯ ಮೇಲೆ ಬರೆದಷ್ಟು ಕೆಲಸ ಮಾಡುವುದಿಲ್ಲ ಎಂದು 2019 ಮತ್ತು 2021ರ ಅವರ ವರದಿಗಳು ಇಲಿಗಳ ಪ್ರಯೋಗದಿಂದ ತೋರಿಸಿದವು. 2025ರ ಏಪ್ರಿಲಿನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 34 ಸ್ಥಳಗಳ 115 ಕೊಳಕುಮಂಡಲಗಳ ವಿಷವನ್ನು ಹೋಲಿಸಿ, ಆ ಊರಿನ ಉಷ್ಣತೆ, ಮಳೆ ಇವುಗಳಿಗೂ ವಿಷದ ಗುಣಕ್ಕೂ ಸಂಬಂಧವಿದೆ ಎಂದರು. ವಿಷದ ಬಹುಪಾಲು ಚೆನ್ನೈಯ ಕಡಲ ತೀರದ ಸುತ್ತಿನ ಹಾವಿನದು. ಕಡಿಯುವುದು ಬೆಟ್ಟದ ಹಾವು. ಹಾಗೆಂದು ಮದ್ದೇ ವ್ಯರ್ಥ ಎಂದು ಯಾರೂ ತಿಳಿಯಬಾರದು. ಈಗ ಕೈಯಲ್ಲಿರುವುದು ಇದೊಂದೇ ಮದ್ದು. ಬೇಗ ಬಿದ್ದಷ್ಟೂ ಗುಣ ಹೆಚ್ಚು.

ಕಾಸರಗೋಡಿನ ಬಂಧುಗಳಿಗೆ ಇದರಲ್ಲಿ ಬೇರೆಯೇ ಒಂದು ಸಂಗತಿಯಿದೆ. ಪಶ್ಚಿಮ ಘಟ್ಟದ ಅಡಿಕೆ, ರಬ್ಬರು ತೋಟಗಳ ತರಗೆಲೆಯಲ್ಲಿ ಮೂಗಿನ ತುದಿ ಮೇಲೆದ್ದ ಒಂದು ಸಣ್ಣ ಗುಳಿಮಂಡಲ ಇರುತ್ತದೆ. ಮಲಯಾಳದಲ್ಲಿ ಮುಳಮೂಕ್ಕನ್ ಎನ್ನುತ್ತಾರೆ. ಇದು ಕಡಿದರೆ ದೊಡ್ಡ ಅಪಾಯವಿಲ್ಲ ಎಂದೇ ನಂಬಿದ್ದರು. ಕೇರಳದ ವೈದ್ಯರು 2007ರಲ್ಲಿ ಪ್ರಕಟಿಸಿದ ವರದಿ ಆ ನಂಬಿಕೆಯನ್ನು ಕೆಡವಿತು. ರಕ್ತ ಹೆಪ್ಪುಗಟ್ಟದೆ ಸೋರುವುದು, ಮೂತ್ರಪಿಂಡ ಕೆಡುವುದು, ಜೀವಕ್ಕೆ ಎರವಾಗುವಂಥ ಪರಿಸ್ಥಿತಿ ಅದರಿಂದಲೂ ಬರುತ್ತದೆಂದು ತಿಳಿಯಿತು. ನಮ್ಮ ನಾಲ್ಕು ಹಾವಿನ ಪ್ರತಿವಿಷಕ್ಕೂ ಈ ಹಾವಿಗೂ ಸಂಬಂಧವಿಲ್ಲ. ಇದನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿ ಸೀಸೆಗಟ್ಟಲೆ ಪ್ರತಿವಿಷ ಹಾಕಿದರೆ ಗುಣ ಸೊನ್ನೆ, ಅಡ್ಡ ಪರಿಣಾಮ ಮಾತ್ರ ಪೂರ್ತಿ.

ಹಾಗಾದರೆ ಹಾವಿನ ಗುರುತು ಮುಖ್ಯ. ಗುರುತು ಹೇಳುವುದು ಯಾವ ಭಾಷೆಯಲ್ಲಿ? ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಂದೆಯವರಿಗೆ ರಾತ್ರಿ ಕಾವಲಿನಲ್ಲಿ ಹಾವು ಕಡಿದಾಗ ನಾನೂ ಜತೆಗೆ ಹೋಗಿದ್ದೆ. ಆಸ್ಪತ್ರೆಯ ಹೆಸರು ಬೇಡ. ಮನೆಯವರು 'ಮಂಡಲ, ಮಂಡಲ' ಎನ್ನುತ್ತಿದ್ದರು. ನರ್ಸಮ್ಮನಿಗೆ ಕನ್ನಡ ಬಾರದು. ಯಾರೋ 'ವಿರಿಯನ್' ಎಂದರು. ಯಾವ ವಿರಿಯನ್? ತಮಿಳಿನಲ್ಲಿ ಕೊಳಕುಮಂಡಲ ಕಣ್ಣಾಡಿ ವಿರಿಯನ್, ಕಟ್ಟುಹಾವು ಕಟ್ಟು ವಿರಿಯನ್, ಗರಗಸ ಮಂಡಲ ಸುರುಟ್ಟೈ ವಿರಿಯನ್. ಚೀಟಿಯಲ್ಲಿ ಬರೆದದ್ದು ಬರಿಯ 'ವಿರಿಯನ್'. ನಾಲ್ಕಕ್ಕೂ ಮದ್ದು ಒಂದೇ ಆದ್ದರಿಂದ ಮದ್ದೇನೋ ಬಿತ್ತು. ಆದರೆ ಮುಂದಿನ ಕಾವಲು ಒಂದೇ ಅಲ್ಲ. ಮಂಡಲವಾದರೆ ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ಗಾಜಿನ ನಳಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ನೋಡಬೇಕು, ಮೂತ್ರದ ಮೇಲೆ ಕಣ್ಣಿಡಬೇಕು. ಕಟ್ಟುಹಾವಾದರೆ ರೆಪ್ಪೆ ಇಳಿಯುತ್ತದೆಯೇ, ಉಸಿರು ಕುಗ್ಗುತ್ತದೆಯೇ ಎಂದು ರಾತ್ರಿಯಿಡೀ ಕಾಯಬೇಕು. ಅದರ ವಿಷ ನರದ ತುದಿಯನ್ನು ಒಮ್ಮೆ ಕೆಡಿಸಿದ ಮೇಲೆ ಪ್ರತಿವಿಷ ಅದನ್ನು ಸರಿಪಡಿಸಲಾರದು. ನರ ತಾನೇ ಚೇತರಿಸಿಕೊಳ್ಳುವ ತನಕ ಉಸಿರಾಟದ ಯಂತ್ರವೇ ಗತಿ. ಆ ಮನುಷ್ಯ ಬದುಕಿ ಬಂದರು. ಆದರೆ ಬೆಳಗಿನ ಜಾವ ದೊಡ್ಡ ಡಾಕ್ಟರು ಬಂದು ಹಲ್ಲಿನ ಗುರುತು, ಬಾವು ನೋಡಿ ಸರಿಯಾಗಿ ಬರೆಯಿಸುವ ತನಕ ನಮಗೆಲ್ಲ ಪ್ರಾಣ ಬಾಯಿಗೆ ಬಂದಿತ್ತು. ಕಾಸರಗೋಡಿನ ಆಸ್ಪತ್ರೆಯಲ್ಲಿ ಕನ್ನಡದ ಮುದುಕಿ 'ಕಟ್ಟುಹಾವು' ಎಂದರೆ ಅದು ವೆಳ್ಳಿಕ್ಕೆಟ್ಟನ್ ಎಂದು, 'ಕೊಳಕುಮಂಡಲ' ಎಂದರೆ ಅಣಲಿ ಎಂದು ಅರ್ಥ ಮಾಡಿಕೊಳ್ಳುವವರು ಆ ಹೊತ್ತಿಗೆ ಇರುತ್ತಾರೆಯೇ?

ಹೊಸ ಮದ್ದುಗಳ ಸುದ್ದಿಯೂ ಇದೆ, ಸ್ವಲ್ಪ ಎಚ್ಚರದಿಂದ ಓದಬೇಕು. ವಾರೆಸ್ಪ್ಲಾಡಿಬ್ ಎಂಬ ಮದ್ದು ಕುದುರೆಯ ರಕ್ತದ್ದಲ್ಲ, ನುಂಗುವ ಮಾತ್ರೆ. ಹೊಲದಲ್ಲೇ ಕೊಟ್ಟು ಆಸ್ಪತ್ರೆಗೆ ಸಾಗಿಸುವಂತಾದರೆ ನಮ್ಮಂಥ ಬೆಟ್ಟದವರಿಗೆ ಅದಕ್ಕಿಂತ ಭಾಗ್ಯ ಬೇರೊಂದಿಲ್ಲ. ಭಾರತ ಮತ್ತು ಅಮೆರಿಕದ 95 ರೋಗಿಗಳಲ್ಲಿ, ಮಾಮೂಲು ಚಿಕಿತ್ಸೆಯ ಜತೆಗೆ ಇದನ್ನೋ ಇದರಂತೆ ಕಾಣುವ ಹುಸಿ ಮಾತ್ರೆಯನ್ನೋ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂದಿತು. ಒಟ್ಟು ರೋಗಿಗಳನ್ನು ನೋಡಿದರೆ ಎರಡು ಗುಂಪುಗಳಿಗೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕಡಿದ ಐದು ಗಂಟೆಯೊಳಗೆ ಮದ್ದು ಸಿಕ್ಕವರಲ್ಲಿ ಮಾತ್ರ ಸ್ವಲ್ಪ ಗುಣ ಕಂಡಿತು. ಒಂದು ಸಣ್ಣ ಗುಂಪಿನಲ್ಲಿ ಮಾತ್ರ ಗುಣ ಕಂಡಿತೆನ್ನುವುದು ಭರವಸೆಯ ಸುಳಿವೇ ಹೊರತು ರುಜುವಾತಲ್ಲ. ಇನ್ನೊಂದು ದೊಡ್ಡ ಪ್ರಯೋಗ ಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದಿಂದ ಬಂದ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿಯೇ ಮಿಂಚಿತು. ವರ್ಷಾನುಗಟ್ಟಲೆ ತಾನಾಗಿ ಹಾವಿನ ವಿಷ ಚುಚ್ಚಿಸಿಕೊಂಡ ಟಿಮ್ ಫ್ರೀಡೆ ಎಂಬಾತನ ರಕ್ತದಿಂದ ಪಡೆದ ಎರಡು ಪ್ರತಿಕಾಯಗಳಿಗೆ ಇದೇ ವಾರೆಸ್ಪ್ಲಾಡಿಬ್ ಸೇರಿಸಿ, ನಾಗರ ಮತ್ತು ಕಟ್ಟುಹಾವಿನ ಕುಲದ 19 ಹಾವುಗಳ ವಿಷದಿಂದ ಇಲಿಗಳನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಕಾಪಾಡಿದರಂತೆ. ಕೆಲಸ ದೊಡ್ಡದು. ಆದರೆ ಇಲಿ ಇಲಿಯೇ. ಮತ್ತು ಮಂಡಲದ ಕುಲಕ್ಕೆ ಅದರಲ್ಲಿ ಮದ್ದಿಲ್ಲ.

ಮುಂದಿನ ಪ್ರಯೋಗಗಳಿಗೆ ರೋಗಿಗಳು ಬೇಕು, ಹಾವು ಕಡಿಯುವುದು ನಮ್ಮಂಥ ಊರಿನವರಿಗೆ. ಔಷಧ ಪ್ರಯೋಗಗಳ ಬಗ್ಗೆ 2019ರಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ, ಪ್ರಯೋಗಕ್ಕೆ ಸೇರುವವನಿಗೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಶಾಸ್ತ್ರದ ಗೊಡವೆಯಿಲ್ಲದ ಮಾತಿನಲ್ಲಿ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಇದು ರಾಜ್ಯಭಾಷೆಯ ನಿಯಮವಲ್ಲ, ರೋಗಿಯ ಭಾಷೆಯ ನಿಯಮ. ತಮಿಳುನಾಡಿನ ಆಸ್ಪತ್ರೆಯಲ್ಲಿ ಮಲಗಿದ ತಾಳವಾಡಿಯ ಕನ್ನಡಿಗನಿಗೂ ಸೋಲಿಗನಿಗೂ ತಮಿಳಿನ ಕಾಗದ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಾಗದು. ಕೇರಳದಲ್ಲಿಯೂ ಅಷ್ಟೇ. ಸಂಶೋಧನೆ ಬೇಡವೆನ್ನುವ ಜನ ನಾವಲ್ಲ. ಓದಿ ಹೇಳಿರಿ, ಕನ್ನಡದಲ್ಲಿ ಹೇಳಿರಿ ಎನ್ನುವುದಷ್ಟೇ.

ಮಳೆಗಾಲದ ನಾಲ್ಕು ತಿಂಗಳಲ್ಲಿಯೇ ದೇಶದ ಹಾವಿನ ಸಾವುಗಳಲ್ಲಿ ಅರ್ಧದಷ್ಟು ಸಂಭವಿಸುತ್ತವೆ. ಅಷ್ಟರೊಳಗೆ ನಾಲ್ಕು ಹಾವುಗಳ ಚಿತ್ರ, ಕೆಳಗೆ ಕನ್ನಡ, ತಮಿಳು ಹೆಸರುಗಳು, ಇಷ್ಟಿರುವ ಒಂದು ಹಾಳೆಯನ್ನು ನಮ್ಮ ತರಗತಿಯ ಮಕ್ಕಳು ಬರೆದು ಮುಗಿಸಿದ್ದಾರೆ. ಕಡಿದಲ್ಲಿ ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಾಡಿಸದೆ ಬೇಗ ಕರೆತನ್ನಿ ಎಂಬ ಮೂರು ಸಾಲುಗಳನ್ನೂ ಸೇರಿಸಿದ್ದಾರೆ. ಕಾಸರಗೋಡಿನ ಶಾಲೆಗಳ ಮಿತ್ರರು ಮಲಯಾಳದ ಹೆಸರುಗಳ ಒಂದು ಸಾಲನ್ನೂ ಆ ಐದನೆಯ ಹಾವಿನ ಚಿತ್ರವನ್ನೂ ಸೇರಿಸಿಕೊಳ್ಳುವುದಾದರೆ ಪತ್ರಿಕೆಯ ವಿಳಾಸಕ್ಕೆ ಬರೆದರೆ ಸಾಕು, ಹಾಳೆಯ ಪ್ರತಿ ಕಳುಹಿಸಿಕೊಡುತ್ತೇವೆ.