ಮಾಡಿದ ಖರ್ಚಿಗೆ ಮತ್ತೆ ಓಟೇಕೆ?

2023ರ ಜೂನ್ 3ರಂದು ಅಮೆರಿಕದ ಅಧ್ಯಕ್ಷ ಜೋ ಬೈಡನ್ ಒಂದು ಮಸೂದೆಗೆ ಸಹಿ ಹಾಕಿದರು. ಜೂನ್ 5 ದಾಟಿದರೆ ಸರ್ಕಾರದ ಬಾಕಿಗಳನ್ನೆಲ್ಲ ತೀರಿಸಲು ಖಜಾನೆಯಲ್ಲಿ ಹಣ ಸಾಲದು ಎಂದು ಖಜಾನೆ ಕಾರ್ಯದರ್ಶಿ ಜಾನೆಟ್ ಯೆಲೆನ್ ಅದಕ್ಕೆ ಮೊದಲೇ ಎಚ್ಚರಿಸಿದ್ದರು. ಜಗತ್ತಿನ ಅತಿ ದೊಡ್ಡ ಅರ್ಥವ್ಯವಸ್ಥೆ ಕೊಟ್ಟ ಮಾತು ತಪ್ಪಲು ಎರಡೇ ದಿನ ಉಳಿದಿತ್ತು. ಸಾಲ ಹುಟ್ಟದೆ ಬಂದ ಸಂಕಟವಲ್ಲ ಅದು. ಅಮೆರಿಕದ ಬಾಂಡ್ ಕೊಳ್ಳಲು ಆಗಲೂ ಜಗತ್ತೇ ಸಾಲುಗಟ್ಟಿ ನಿಂತಿತ್ತು. ಸಾಲ ಎತ್ತಲು ಅಲ್ಲಿನ ಸಂಸತ್ತೇ ಒಪ್ಪಿಗೆ ಕೊಡದೆ ತಾನಾಗಿ ತಂದುಕೊಂಡ ಸಂಕಟ ಅದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದ ನಮಗೆ, ಸರ್ಕಾರದ ಸಾಲಕ್ಕೊಂದು ಮಿತಿ ಇದೆಯೆಂದರೆ ಒಳ್ಳೆಯದೇ ಅನ್ನಿಸುತ್ತದೆ. ಅಮೆರಿಕದ ಬಹಳಷ್ಟು ಮತದಾರರಿಗೂ ಹಾಗೇ ಅನ್ನಿಸುವುದರಿಂದ ಆ ಕಾನೂನು ಇನ್ನೂ ಉಸಿರಾಡುತ್ತಿದೆ. ಆದರೆ ಆ ಮಿತಿ ಒಂದು ಡಾಲರ್ ಖರ್ಚನ್ನೂ ತಡೆಯುವುದಿಲ್ಲ. ಎಷ್ಟು ತೆರಿಗೆ ಹಾಕಬೇಕು, ಪಿಂಚಣಿಗೆಷ್ಟು, ಸೈನ್ಯಕ್ಕೆಷ್ಟು ಎಂಬುದೆಲ್ಲ ಬೇರೆ ಬೇರೆ ಕಾನೂನುಗಳಲ್ಲಿ ಆಗಲೇ ತೀರ್ಮಾನವಾಗಿರುತ್ತದೆ. ಆದಾಯಕ್ಕಿಂತ ಖರ್ಚು ಮೀರುತ್ತದೆಂದು ಗೊತ್ತಿದ್ದೂ ಸದಸ್ಯರು ಅವಕ್ಕೆ ಕೈಯೆತ್ತಿರುತ್ತಾರೆ. ಆ ಕೊರತೆ ತುಂಬಲು ಸಾಲ ಎತ್ತುವ ಹೊತ್ತಿಗೆ ಮಾತ್ರ ಮತ್ತೊಂದು ಓಟು ಬೇಕಾಗುತ್ತದೆ. ಮದುವೆ ಮುಗಿದು, ಬೀಗರು ಉಂಡು ಹೊರಟ ಮೇಲೆ ಅಡುಗೆಯವರಿಗೂ ಶಾಮಿಯಾನದವರಿಗೂ ದುಡ್ಡು ಕೊಡಬೇಕೋ ಬೇಡವೋ ಎಂದು ಮನೆಮಂದಿ ಸಭೆ ಸೇರಿದ ಹಾಗಿದೆ ಇದು.

ಈ ಕಾನೂನಿನ ಹುಟ್ಟೇ ಬೇರೆ ಉದ್ದೇಶಕ್ಕೆ. ಒಂದು ಕಾಲದಲ್ಲಿ ಅಮೆರಿಕ ಸರ್ಕಾರ ಸಾಲ ಎತ್ತಬೇಕಾದಾಗಲೆಲ್ಲ ಅದರ ಷರತ್ತುಗಳನ್ನು ಸಂಸತ್ತೇ ಕೂತು ನಿಗದಿ ಮಾಡುತ್ತಿತ್ತು. ಮೊದಲ ಮಹಾಯುದ್ಧಕ್ಕೆ ಧುಮುಕಿದ ಮೇಲೆ ಅಷ್ಟೊಂದು ವ್ಯವಧಾನ ಉಳಿಯಲಿಲ್ಲ. 1917ರ ಲಿಬರ್ಟಿ ಬಾಂಡ್ ಕಾಯ್ದೆಯಲ್ಲಿ ಒಂದು ಮೊತ್ತ ಹೇಳಿ, ಅದರೊಳಗೆ ನಿಮಗೆ ಬೇಕಾದಂತೆ ಎತ್ತಿಕೊಳ್ಳಿ ಎಂದು ಖಜಾನೆಗೆ ಬಿಟ್ಟುಕೊಟ್ಟರು. 1939ರಲ್ಲಿ ಹೆಚ್ಚುಕಡಿಮೆ ಎಲ್ಲ ಸಾಲವನ್ನೂ ಒಟ್ಟುಗೂಡಿಸಿ 4,500 ಕೋಟಿ ಡಾಲರ್‌ನ ಒಂದೇ ಮಿತಿ ಹಾಕಿದರು. ಸರ್ಕಾರದ ಕೈ ಸಡಿಲ ಮಾಡಲು ಬಂದ ಏರ್ಪಾಡು ಮುಂದೆ ಅದರ ಕುತ್ತಿಗೆಗೇ ಬಂತು. ಇವತ್ತು ಆ ಮಿತಿ 41.1 ಲಕ್ಷ ಕೋಟಿ ಡಾಲರ್‌ಗೆ ಬಂದು ನಿಂತಿದೆ. 1960ರಿಂದೀಚೆಗೆ ಅದನ್ನು ಏರಿಸಿದ್ದು, ವಿಸ್ತರಿಸಿದ್ದು, ತಿದ್ದಿದ್ದು 78 ಸಲ ಎಂಬುದು 2023ರ ಜಗಳದ ಹೊತ್ತಿಗೆ ಖಜಾನೆ ಇಲಾಖೆ ಕೊಟ್ಟ ಲೆಕ್ಕ. ಅದರಲ್ಲಿ 49 ಸಲ ರಿಪಬ್ಲಿಕನ್ ಅಧ್ಯಕ್ಷರ ಕಾಲದಲ್ಲಿ, 29 ಸಲ ಡೆಮಾಕ್ರಟಿಕ್ ಅಧ್ಯಕ್ಷರ ಕಾಲದಲ್ಲಿ. 78 ಸಲ ಸರಿದು ಜಾಗ ಬಿಟ್ಟ ಗೋಡೆಯನ್ನು ಗೋಡೆ ಎನ್ನಲು ಬರುವುದಿಲ್ಲ.

ಸಾಲ ತಡೆಯಲು ಕೆಲಸಕ್ಕೆ ಬಾರದ ಈ ಮಿತಿ ಸುಲಿಗೆಗೆ ಮಾತ್ರ ಚೆನ್ನಾಗಿ ಒದಗುತ್ತದೆ. 2011ರಲ್ಲಿ ಪ್ರತಿನಿಧಿ ಸಭೆ ರಿಪಬ್ಲಿಕನ್ನರ ಕೈಯಲ್ಲಿತ್ತು. ಖರ್ಚು ಕಡಿತಕ್ಕೆ ಒಪ್ಪದಿದ್ದರೆ ಮಿತಿ ಏರಿಸುವುದಿಲ್ಲ ಎಂದು ಅವರು ಪಟ್ಟು ಹಿಡಿದರು. ಅಧ್ಯಕ್ಷ ಒಬಾಮ ಕೊನೆಗೆ ಒಪ್ಪಂದಕ್ಕೆ ಸಹಿ ಹಾಕಿದ್ದು ಆಗಸ್ಟ್ 2ರಂದು, ಅಂದರೆ ಖಜಾನೆ ಗುರುತಿಸಿದ್ದ ಗಡುವಿನ ದಿನವೇ. ಮೂರು ದಿನದ ನಂತರ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಇತಿಹಾಸದಲ್ಲೇ ಮೊದಲ ಬಾರಿಗೆ ಅಮೆರಿಕದ ರೇಟಿಂಗ್ ಇಳಿಸಿತು. ಆ ಎಳೆದಾಟದಿಂದ ಒಂದೇ ವರ್ಷದಲ್ಲಿ ಸಾಲದ ವೆಚ್ಚ ಸುಮಾರು 130 ಕೋಟಿ ಡಾಲರ್ ಹೆಚ್ಚಿತೆಂದು ಸಂಸತ್ತಿನದೇ ಲೆಕ್ಕಪರಿಶೋಧನಾ ಕಚೇರಿ ಅಂದಾಜು ಮಾಡಿತು. ಸಾಲ ಇಳಿಸುತ್ತೇವೆಂದು ಹೊರಟವರು ಸಾಲದ ಬಡ್ಡಿಯನ್ನೇ ಏರಿಸಿದರು. 2023ರಲ್ಲಿ ಅದೇ ನಾಟಕ ಮತ್ತೆ ನಡೆಯಿತು. ಆ ಆಗಸ್ಟ್‌ನಲ್ಲಿ ಫಿಚ್ ಕೂಡ ರೇಟಿಂಗ್ ಇಳಿಸಿತು. ಎರಡೂ ಸಂಸ್ಥೆಗಳು ಕೊಟ್ಟ ಕಾರಣಗಳಲ್ಲಿ ಸಾಲದ ಗಾತ್ರದ ಜೊತೆಗೆ ಈ ಕೊನೇ ಗಳಿಗೆಯ ಹಗ್ಗಜಗ್ಗಾಟವೂ ಸೇರಿತ್ತು.

ಇದನ್ನು ಒಂದೇ ಪಕ್ಷದ ಪಾಪ ಎಂದರೆ ಸುಳ್ಳಾಗುತ್ತದೆ. 2006ರಲ್ಲಿ ಜಾರ್ಜ್ ಬುಷ್ ಸರ್ಕಾರ ಮಿತಿ ಏರಿಸಲು ಕೇಳಿದಾಗ ಸೆನೆಟ್‌ನಲ್ಲಿ ಮಸೂದೆ ಗೆದ್ದಿದ್ದು 52-48ರಿಂದ. ವಿರೋಧಿಸಿ ಓಟು ಹಾಕಿದವರಲ್ಲಿ ಸೆನೆಟರ್ ಬರಾಕ್ ಒಬಾಮ ಇದ್ದರು, ಸೆನೆಟರ್ ಜೋ ಬೈಡನ್ ಕೂಡ ಇದ್ದರು. ಅಧ್ಯಕ್ಷರಾದ ಮೇಲೆ ಒಬಾಮ ಅದು ತಪ್ಪಾಯಿತೆಂದು ಒಪ್ಪಿಕೊಂಡರು. 2022ರ ಅಕ್ಟೋಬರಿನಲ್ಲಿ ಎರಡೂ ಸದನಗಳು ಡೆಮಾಕ್ರಟರ ಕೈಯಲ್ಲಿದ್ದಾಗ, ಮಿತಿಯನ್ನೇ ರದ್ದು ಮಾಡುವುದು ಬೇಜವಾಬ್ದಾರಿ ಎಂದರು ಬೈಡನ್. ಏಳು ತಿಂಗಳು ಕಳೆಯುವಷ್ಟರಲ್ಲಿ ಅವರೇ ಆ ಮಿತಿಯ ಕುಣಿಕೆಯಲ್ಲಿ ಸಿಕ್ಕಿ, ಸಾರ್ವಜನಿಕ ಸಾಲದ ಸಿಂಧುತ್ವ ಪ್ರಶ್ನಿಸಬಾರದೆನ್ನುವ ಹದಿನಾಲ್ಕನೇ ತಿದ್ದುಪಡಿಯಲ್ಲಿ ಬಾಗಿಲೊಂದಿದೆಯೇ ಎಂದು ತಡಕುತ್ತಿದ್ದರು.

ಡೊನಾಲ್ಡ್ ಟ್ರಂಪ್ ಅವರ ಕಥೆ ಇನ್ನೂ ಚೆಂದ. ಅವರ ಮೊದಲ ಅವಧಿಯಲ್ಲಿ 2017, 2018, 2019 ಹೀಗೆ ಮೂರು ಸಲ ಮಿತಿಯನ್ನು ಅಮಾನತಿನಲ್ಲಿಡಲಾಯಿತು. ಜಗತ್ತು ಮುಳುಗುತ್ತದೆಂದು ಅವರ ಪಕ್ಷದವರಾರೂ ಬೊಬ್ಬೆ ಹೊಡೆಯಲಿಲ್ಲ. ಅಧಿಕಾರ ಕಳೆದುಕೊಂಡ ಮೇಲೆ, 2023ರ ಮೇ ತಿಂಗಳಲ್ಲಿ, ದೊಡ್ಡ ಕಡಿತ ಸಿಗದಿದ್ದರೆ ಸಾಲ ಕಟ್ಟುವುದನ್ನು ನಿಲ್ಲಿಸಿಯೇಬಿಡಿ ಎಂದು ತಮ್ಮವರಿಗೆ ಹೇಳಿಕೊಟ್ಟರು. ಮತ್ತೆ ಗೆದ್ದ ಮೇಲೆ, 2024ರ ಡಿಸೆಂಬರಿನಲ್ಲಿ, ಮಿತಿಯನ್ನು ಪೂರ್ತಿ ಕಿತ್ತುಹಾಕಿ ಎಂದರು. ಈ ಕೊನೆಯ ಮಾತು ಸರಿಯಾದದ್ದೇ. ಆದರೆ ವಿರೋಧದಲ್ಲಿದ್ದಾಗಲೂ ಹೇಳಿದ್ದರೆ ಮಾತ್ರ ಅದಕ್ಕೊಂದು ಬೆಲೆ ಬರುತ್ತಿತ್ತು.

ಮಿತಿಯ ಪರ ಇರುವವರಲ್ಲಿ ಒಂದು ಗಟ್ಟಿ ವಾದವಿದೆ. ಸಾಲದ ಹೊರೆ ನಿಜ. 2024ರ ಹಣಕಾಸು ವರ್ಷದಲ್ಲಿ ಅಮೆರಿಕ ಬಡ್ಡಿಗೆ ಕೊಟ್ಟದ್ದು ರಕ್ಷಣೆಗೆ ಖರ್ಚು ಮಾಡಿದ್ದಕ್ಕಿಂತ ಹೆಚ್ಚು. ಯಾರಾದರೂ ಎಲ್ಲಾದರೂ ನಿಲ್ಲಿಸಿ ಕೇಳಬೇಡವೇ ಎನ್ನುತ್ತಾರೆ ಅವರು. ಬೈಡನ್ ಸಹಿ ಹಾಕಿದ 2023ರ ಒಪ್ಪಂದವನ್ನೇ ತೋರಿಸುತ್ತಾರೆ: ಹತ್ತು ವರ್ಷಗಳಲ್ಲಿ ಕೊರತೆ 1.5 ಲಕ್ಷ ಕೋಟಿ ಡಾಲರ್‌ನಷ್ಟು ತಗ್ಗುತ್ತದೆಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತ್ತಲ್ಲ, ಬೆದರಿಸದೆ ಅದು ಸಿಗುತ್ತಿತ್ತೇ?

ಉತ್ತರ 2025ರ ಜುಲೈ 4ರಂದು ಸಿಕ್ಕಿತು. ಅಧಿಕಾರಕ್ಕೆ ಮರಳಿದ ಅದೇ ರಿಪಬ್ಲಿಕನ್ನರು ತೆರಿಗೆ ಕಡಿತದ ಬೃಹತ್ ಕಾನೂನು ತಂದರು. ಹತ್ತು ವರ್ಷಗಳಲ್ಲಿ ಅದು ಕೊರತೆಗೆ 3.4 ಲಕ್ಷ ಕೋಟಿ ಡಾಲರ್ ಸೇರಿಸುತ್ತದೆಂಬುದು ಅದೇ ಬಜೆಟ್ ಕಚೇರಿಯ ಅಂದಾಜು. ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್‌ನಷ್ಟು ಏರಿಸುವ ಕಲಮನ್ನೂ ಅದೇ ಕಾನೂನಿನ ಹೊಟ್ಟೆಯೊಳಗೆ ತುರುಕಿದರು. ಒತ್ತೆಯಿಟ್ಟು ಉಳಿಸಿದ್ದರ ಎರಡು ಪಟ್ಟಿಗಿಂತ ಹೆಚ್ಚನ್ನು ಒಂದೇ ಸಹಿಯಲ್ಲಿ ಸುರಿದುಬಿಟ್ಟರು. ಮಿತಿ ಅವರನ್ನು ಅರೆಗಳಿಗೆಯೂ ತಡೆಯಲಿಲ್ಲ. ಸದನಗಳೂ ಶ್ವೇತಭವನವೂ ಒಂದೇ ಪಕ್ಷದ್ದಾದರೆ ಅದು ಕಣ್ಣಿಗೇ ಬೀಳುವುದಿಲ್ಲ. ಬೇರೆ ಬೇರೆಯಾದ ಕೂಡಲೇ ಬಂದೂಕಾಗುತ್ತದೆ. ಎದುರಾಳಿ ಗದ್ದುಗೆಯಲ್ಲಿದ್ದಾಗ ಮಾತ್ರ ನೆನಪಾಗುವ ಶಿಸ್ತನ್ನು ಶಿಸ್ತು ಎನ್ನಬೇಕಾಗಿಲ್ಲ.

ಬಂದೂಕು ಹಾರದೆ ಉಳಿದರೂ ಪೆಟ್ಟು ಬೀಳುತ್ತದೆ. ಮಿತಿ ಮುಟ್ಟಿದ ದಿನದಿಂದ ಖಜಾನೆ ‘ಅಸಾಧಾರಣ ಕ್ರಮ’ಗಳ ಮೊರೆ ಹೋಗುತ್ತದೆ. ತನ್ನದೇ ನೌಕರರ ನಿವೃತ್ತಿ ನಿಧಿಯಲ್ಲಿ ಹಣ ತೊಡಗಿಸುವುದನ್ನು ನಿಲ್ಲಿಸಿ ದಿನ ದೂಡುತ್ತದೆ. ಆಮೇಲೆ ತುಂಬಿಕೊಡುತ್ತದೆ, ನಿಜ. ಒಂದು ಲಕ್ಷ ಕೋಟಿ ಡಾಲರ್ ಮುಖಬೆಲೆಯ ಒಂದೇ ಪ್ಲಾಟಿನಂ ನಾಣ್ಯ ಟಂಕಿಸಿ ಸಂಕಟ ದಾಟಿ ಎಂದು ತಿಳಿದವರೇ ಸಲಹೆ ಕೊಡುವ ಮಟ್ಟಕ್ಕೆ ಮಾತು ಇಳಿದಿತ್ತು. ಇದು ಅವರ ಮನೆ ಜಗಳ ಎಂದು ನಾವು ಸುಮ್ಮನಿರುವ ಹಾಗೂ ಇಲ್ಲ. 2023ರ ಆ ದಿನಗಳಲ್ಲಿ ಭಾರತದ ಬಳಿಯಿದ್ದ ಅಮೆರಿಕದ ಬಾಂಡ್‌ಗಳ ಮೌಲ್ಯ 20,000 ಕೋಟಿ ಡಾಲರ್‌ಗೂ ಮೇಲಿತ್ತು. ಆ ಹಣ ಪಣಕ್ಕಿಟ್ಟವರಾರೂ ನಮ್ಮನ್ನು ಕೇಳಿರಲಿಲ್ಲ.

ಹಾಗಾದರೆ ಸಾಲಕ್ಕೆ ಕಡಿವಾಣವೇ ಬೇಡವೇ? ಬೇಕು, ಆದರೆ ಅದು ಖರ್ಚಿಗೆ ಮೊದಲು ಎಳೆಯುವಂತಿರಬೇಕು. ಈ ವಿಷಯದಲ್ಲಿ ಕರ್ನಾಟಕಕ್ಕೂ ಒಂದು ಅನುಭವವಿದೆ. ದೇಶದಲ್ಲೇ ಮೊದಲು, 2002ರಲ್ಲಿ, ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ನಮ್ಮದು. ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ಮೀರಬಾರದೆಂಬ ಲೆಕ್ಕ ಬಜೆಟ್ ಬರೆಯುವ ಮೇಜಿನ ಮೇಲೇ ಇರುತ್ತದೆ. ಅದೇನೂ ಪವಾಡದ ಮದ್ದಲ್ಲ. ಕೋವಿಡ್ ವರ್ಷದಲ್ಲಿ ಸಡಿಲಿಸಲೇಬೇಕಾಯಿತು, ದೆಹಲಿಯ ಇಂಥದೇ ಕಾಯ್ದೆಯ ಗುರಿಗಳಂತೂ ಮತ್ತೆ ಮತ್ತೆ ಮುಂದಕ್ಕೆ ಹೋಗಿವೆ. ಮಿತಿ ಎಂಬುದು ಇನ್ನೊಬ್ಬರ ಕೈಗೆ ಸಿಕ್ಕರೆ ಇಲ್ಲಿಯೂ ಹಿಡಿತದ ಹಗ್ಗವಾಗುತ್ತದೆ. ರಾಜ್ಯಗಳು ಎಷ್ಟು ಸಾಲ ಎತ್ತಬೇಕೆಂದು ಕೇಂದ್ರ ನಿಗದಿ ಮಾಡುವುದನ್ನು ಪ್ರಶ್ನಿಸಿ ಕೇರಳ ಸುಪ್ರೀಂ ಕೋರ್ಟ್‌ಗೆ ಹೋಯಿತು, 2024ರ ಏಪ್ರಿಲ್‌ನಲ್ಲಿ ವಿಷಯ ಸಂವಿಧಾನ ಪೀಠಕ್ಕೆ ಹೋಯಿತು. ಅಷ್ಟಾದರೂ ನಮ್ಮಲ್ಲಿ ಬಜೆಟ್ ಒಪ್ಪಿದ ಶಾಸನಸಭೆಯೇ ಮರುವರ್ಷ ಅದರ ಸಾಲ ತೀರಿಸಲಾರೆ ಎಂದು ಕೂತ ಉದಾಹರಣೆ ಇಲ್ಲ.

ಅಮೆರಿಕಕ್ಕೆ ಪರಿಹಾರ ಹೊರಗಿನಿಂದ ಬರಬೇಕಾಗಿಲ್ಲ. ಮಿಸೌರಿಯ ರಿಚರ್ಡ್ ಗೆಪ್‌ಹಾರ್ಟ್ ಹೆಸರಿನ ನಿಯಮವೊಂದನ್ನು ಪ್ರತಿನಿಧಿ ಸಭೆ 1979ರಲ್ಲೇ ಮಾಡಿಕೊಂಡಿತ್ತು: ಬಜೆಟ್ ನಿರ್ಣಯಕ್ಕೆ ಸಭೆ ಒಪ್ಪಿದರೆ ಅದಕ್ಕೆ ಬೇಕಾದ ಸಾಲಕ್ಕೂ ಸಭೆ ಒಪ್ಪಿದಂತೆಯೇ. ರಿಪಬ್ಲಿಕನ್ನರು 2011ರಲ್ಲಿ ಅದನ್ನು ತೆಗೆದರು, ಡೆಮಾಕ್ರಟರು 2019ರಲ್ಲಿ ತಂದರು, 2023ರಲ್ಲಿ ಮತ್ತೆ ಹೋಯಿತು. ಒಂದು ಸಭೆಯ ನಿಯಮವಾಗಿ ಬಂದು ಹೋಗುವ ಇದು ಎರಡೂ ಸದನಗಳನ್ನು ಕಟ್ಟುವ ಕಾನೂನಾಗಬೇಕು, ಇಲ್ಲವೇ 1917ರ ಕೂಸು ಪೂರ್ತಿ ರದ್ದಾಗಬೇಕು. 2025ರಲ್ಲಿ ಏರಿಸಿದ ಮಿತಿಯೂ ಒಂದು ದಿನ ತುಂಬುತ್ತದೆ. ಆಗ ಅಧ್ಯಕ್ಷರು ಯಾರು, ಸದನ ಯಾರದು ಎಂಬುದು ಇಂದು ಯಾರಿಗೂ ಗೊತ್ತಿಲ್ಲ. ಯಾರಿಗೆ ಲಾಭವೆಂದು ಗೊತ್ತಿಲ್ಲದಿರುವ ಕಾಲವೇ ಇಂಥ ಕೆಲಸಕ್ಕೆ ಒಳ್ಳೆಯ ಕಾಲ. ಸಾಲ ಬೇಡವೆನ್ನುವ ಸದಸ್ಯರು ತೆರಿಗೆ ಏರಿಸಲು ಅಥವಾ ಖರ್ಚು ಕಡಿಯಲು, ತಮ್ಮದೇ ಅಧ್ಯಕ್ಷರಿರುವಾಗ, ಹೆಸರು ಬರೆಸಿ ಓಟು ಹಾಕಲಿ. ಆ ಧೈರ್ಯವಿಲ್ಲದವರಿಗೆ ದೇಶದ ಮಾತು ತಪ್ಪಿಸುವ ಅಧಿಕಾರ ಕೊಡುವುದು ಪ್ರಜಾಪ್ರಭುತ್ವವೂ ಅಲ್ಲ, ಮಿತವ್ಯಯವೂ ಅಲ್ಲ.